ಖಾನ್ ಕಲಿಮಾ ಓದಿದ ವರ್ಷ

ಆ ಬೇಸಿಗೆಯಲ್ಲಿ ನಾವು ಹದಿನಾಲ್ಕು ಸಲ ಗುಡಾರ ಕಿತ್ತೆವು. ಹುಲ್ಲು ಮುಗಿದಿತ್ತೆಂದಲ್ಲ, ನೀರು ಬತ್ತಿತ್ತೆಂದೂ ಅಲ್ಲ. ಚೂ ನದಿಯ ದಂಡೆಯಲ್ಲಿ ಹುಲ್ಲು ಕುದುರೆಯ ಹೊಟ್ಟೆಗೆ ತಾಗುವಷ್ಟು ಬೆಳೆದಿತ್ತು. ನಮ್ಮ ಖಾನ್ ಆರುಕ್‌ಬುಕಾನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೇ. ಹೆಂಗಸರು ಒಲೆಗೆ ಬೆರಣಿ ಒಟ್ಟಿ ಕೊಪ್ಪರಿಗೆ ಏರಿಸುವ ಹೊತ್ತಿಗೆ ಅಪ್ಪಣೆ ಬರುತ್ತಿತ್ತು, ಹೊರಡಿ ಎಂದು. ಮುದುಕಿಯರು ಶಪಿಸುತ್ತಾ ಕೊಪ್ಪರಿಗೆ ಇಳಿಸುತ್ತಿದ್ದರು.

ನಾನು ಅವನ ಬಾವರ್ಚಿ, ಹೆಸರು ಜಿರ್ಗೂ. ಕುರಿ ಕೆಡವುವುದು, ಮಾಂಸ ಹಂಚುವುದು, ಖಾನ್ ಬಾಯಿಗಿಡುವ ಮುಂಚೆ ರುಚಿ ನೋಡುವುದು ನನ್ನ ಕೆಲಸ. ಅವನಿಗಿಂತ ಹತ್ತು ವರ್ಷ ದೊಡ್ಡವನು. ಮೂರನೇ ವಯಸ್ಸಿನಲ್ಲಿ ಅವನನ್ನು ಮೊದಲ ಸಲ ಕುದುರೆಯ ಜೀನಿಗೆ ಕಟ್ಟಿ ಕೂರಿಸಿದವನು ನಾನೇ. ಹಾಗಾಗಿ ಇಬ್ಬರೇ ಇದ್ದಾಗ ಅವನು ನನ್ನನ್ನು ಅಣ್ಣ ಎನ್ನುತ್ತಿದ್ದ.

ಅವನ ಚಡಪಡಿಕೆಗೆ ಕಾರಣ ಬಿಡಾರಕ್ಕೆಲ್ಲ ಗೊತ್ತಿತ್ತು, ಬಾಯಿ ಬಿಡುವವರು ಯಾರೂ ಇರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅವನ ಮಲತಮ್ಮ ತೋದೆ ಗದ್ದುಗೆಗೆ ಕೈಹಾಕಿ, ಕಾಳಗದಲ್ಲಿ ಸೋತು, ಸೆರೆ ಸಿಕ್ಕಿದ್ದ. ಖಾನರ ಮನೆತನದ ರಕ್ತ ನೆಲಕ್ಕೆ ಬೀಳಬಾರದೆಂಬುದು ನಮ್ಮ ಕಟ್ಟಳೆ. ಅವನನ್ನು ಉಣ್ಣೆಹಾಸಿನಲ್ಲಿ ಸುತ್ತಿ ಮೇಲೆ ಕುದುರೆ ಓಡಿಸಿದರು. ಹಗ್ಗ ಬಿಗಿದದ್ದು ನಾನು. ತೋದೆಗೆ ಇಪ್ಪತ್ತು ವರ್ಷ. ಸುತ್ತುವಾಗ ಅವನು ನನಗೆ "ಅಣ್ಣಾ, ಸ್ವಲ್ಪ ಸಡಿಲ ಮಾಡು, ಉಸಿರು ಕಟ್ಟತ್ತೆ" ಎಂದಿದ್ದ. ನಾನು ಅದನ್ನು ಖಾನನಿಗೆ ಹೇಳಲಿಲ್ಲ. ಆದರೆ ಅವನು ಹತ್ತಿರದಲ್ಲೇ ನಿಂತಿದ್ದ, ಕೇಳಿಸಿಕೊಂಡಿರಬೇಕು.

ಅವನು ಸ್ವಲ್ಪ ಹೊತ್ತಾದರೂ ಕಾಲು ಚಾಚಿ ಕೂರುತ್ತಿದ್ದುದು ಆಲ್ತಾನಿ ಖಾತೂನಳ ಗುಡಾರದಲ್ಲಿ ಮಾತ್ರ. ನಮ್ಮಲ್ಲಿ ಖಾತೂನ್ ಎಂದರೆ ಖಾನನ ರಾಣಿ. ಆಲ್ತಾನಿ ಮೊದಲು ಅವನ ತಂದೆಯ ಕಿರಿಯ ಹೆಂಡತಿ. ಹಿರಿಯ ಖಾನ್ ತೀರಿಕೊಂಡಾಗ ಅವಳಿಗೆ ಇಪ್ಪತ್ತೇಳು, ಮಡಿಲಲ್ಲಿ ನಾಲ್ಕು ವರ್ಷದ ಮಗಳು ಎರ್ದೆನಿ. ತಂದೆ ಸತ್ತರೆ, ಹೆತ್ತ ತಾಯಿಯೊಬ್ಬಳನ್ನು ಬಿಟ್ಟು ಅವನ ಉಳಿದ ಹೆಂಡಿರನ್ನು ಮಗ ಕೈಹಿಡಿಯುವುದು ನಮ್ಮಲ್ಲಿ ಅಜ್ಜಂದಿರ ಕಾಲದ ರೂಢಿ. ಹೆಣ್ಣು ದಿಕ್ಕಿಲ್ಲದವಳಾಗಬಾರದು, ಅವಳ ಹಿಂಡು ಬೇರೆ ಮನೆಗೆ ಹೋಗಬಾರದು. ಆರುಕ್‌ಬುಕಾ ರೂಢಿಗೆಂದೇ ಅವಳ ಕೈಹಿಡಿದ. ವರ್ಷ ತುಂಬುವುದರೊಳಗೆ, ಅವಳು ಸೂಜಿಗೆ ನರದ ದಾರ ಪೋಣಿಸುವಾಗ ಇವನು ಎದುರಿಗೆ ಕೂತು ಸುಮ್ಮನೆ ನೋಡುತ್ತಿರುವುದನ್ನು ನಾನೇ ಕಂಡಿದ್ದೆ. ಅವನ ಬೇರೆ ಹೆಂಡಿರೂ ಕಂಡಿದ್ದರು.

ಆ ಬೇಸಿಗೆಗೆ ಮುಂಚಿನ ವಸಂತದಲ್ಲಿ, ಹಿಮ ಕರಗಿದಾಗ, ಕಾಳಗದಲ್ಲಿ ಬಿದ್ದವರ ಹೆಣಗಳು ಹೊಳೆಯ ದಂಡೆಯಲ್ಲಿ ಮೇಲೆದ್ದವು. ನಾವು ಅವನ್ನು ಹಕ್ಕಿಗೆ ಬಿಡುವವರು. ಅಲ್ಲಿ ಒಬ್ಬ ಮುದುಕ, ಇಬ್ಬರು ಶಿಷ್ಯರ ಜೊತೆ, ಗುಂಡಿ ತೋಡುತ್ತಿದ್ದ. ಓತ್ರಾರ್ ಕಡೆಯ ಶೇಖ್ ಸದೀದ್ ಎಂದು ಆಮೇಲೆ ತಿಳಿಯಿತು. ಒಂದೊಂದು ಹೆಣವನ್ನೂ ತೊಳೆದು, ಇದ್ದ ಚಿಂದಿಯಲ್ಲಿ ಸುತ್ತಿ ಮಣ್ಣಿಗಿಡುತ್ತಿದ್ದ. ಖಾನ್ ಕುದುರೆ ನಿಲ್ಲಿಸಿದ.

"ಇವರು ಯಾರ ಕಡೆಯೋರು ಅಂತ ಗೊತ್ತೇನಯ್ಯ ನಿನಗೆ?"

"ಗೊತ್ತಿಲ್ಲ ದೊರೆ. ಕೇಳಿದ್ರೆ ಹೇಳೋ ಸ್ಥಿತೀಲೂ ಇಲ್ಲ ಅವರು."

"ನನ್ನ ಮೇಲೆ ಕತ್ತಿ ಎತ್ತಿದೋರು."

"ಈಗ ಎತ್ತಲ್ವಲ್ಲ," ಎಂದು ಮುದುಕ ಗುದ್ದಲಿಗೆ ಅಂಟಿದ ಕೆಸರು ಕೆರೆದ.

ಮಾರನೆಯ ದಿನವೂ ಖಾನ್ ಅಲ್ಲಿಗೇ ಹೋದ. ನಾಲ್ಕನೆಯ ದಿನ ಕುದುರೆಯಿಂದಿಳಿದು ಒಂದು ಗುದ್ದಲಿ ತೆಗೆದುಕೊಂಡ. ಖಾನ್ ಮಣ್ಣು ಅಗೆಯುವುದೆಂದರೆ ನಮ್ಮವರ ಕಣ್ಣಿಗೆ ಅದು ಹೆಣ ನೋಡುವುದಕ್ಕಿಂತ ಕಷ್ಟ. ನಾನು ಪಕ್ಕದಲ್ಲಿದ್ದೆ. ಬೆವರು ಒರೆಸಿಕೊಳ್ಳುತ್ತಾ ಅವನು ಕೇಳಿದ:

"ನಿಮ್ಮ ದಾರಿಗೆ ಬಂದ್ರೆ, ಹಿಂದೆ ಮಾಡಿದ್ದೆಲ್ಲ ಏನಾಗುತ್ತೆ?"

"ಬಂದ ದಿನವೇ ಅಳಿಸಿ ಹೋಗುತ್ತೆ. ಆಗ ತಾನೆ ಹುಟ್ಟಿದ ಕೂಸಿನ ಹಾಗೆ."

"ಎಲ್ಲಾನಾ?"

"ಎಲ್ಲಾ."

"ಒಡಹುಟ್ಟಿದೋನನ್ನ..."

"ಎಲ್ಲಾ ಅಂದೆನಲ್ಲ, ದೊರೆ."

ಅಷ್ಟಾದರೂ ಬೇಸಿಗೆಯಿಡೀ ಅವನು ನಿರ್ಧಾರಕ್ಕೆ ಬರಲಿಲ್ಲ, ನಮ್ಮನ್ನು ಅಲೆಸಿದ. ಕೊನೆಗೆ ಶರತ್ಕಾಲದಲ್ಲಿ, ತಲಾಸ್ ಪಟ್ಟಣದ ಮಸೀದಿಯಲ್ಲಿ, ಶರಣಾಗುವವನ ಹಾಗೆ ಸೊಂಟದ ಪಟ್ಟಿ ಬಿಚ್ಚಿಟ್ಟು, ಕಲಿಮಾ ಓದಿ ಮುಸಲ್ಮಾನನಾದ. ಅವನ ಹಿಂದೆ ಹದಿನೇಳು ಸರದಾರರು ಓದಿದರು. ಹಿರಿಯ ಖಾನನ ದಾಯಾದಿ ಕುರುಮ್ಶಿಯೂ ಓದಿದ. ಅವನ ಮುಖ ಬಿಸಿ ಕೊಬ್ಬು ನುಂಗಿದವನ ಹಾಗಿತ್ತು. ನಾನು ಓದಲಿಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ.

ಆದರೆ ಮರುದಿನದಿಂದ ನನ್ನ ಕೆಲಸವೇ ಬದಲಾಯಿತು. ನಾವು ಕುರಿಯ ಪಕ್ಕೆಯ ಕೆಳಗೆ ಬೆರಳುದ್ದ ಸೀಳಿ, ಕೈ ಒಳಗೆ ಹಾಕಿ, ಗುಂಡಿಗೆಯ ನಾಳವನ್ನು ಹಿಸುಕುತ್ತೇವೆ. ಕುರಿ ನಿದ್ದೆ ಹೋದಂತೆ ಹೋಗುತ್ತದೆ, ಹನಿ ರಕ್ತ ನೆಲಕ್ಕೆ ಬೀಳುವುದಿಲ್ಲ. ಈಗ ಕತ್ತು ಕೊಯ್ಯಬೇಕು, ರಕ್ತ ಹರಿಯಬೇಕು, ದೇವರ ಹೆಸರು ಹೇಳಲು ಪಕ್ಕದಲ್ಲೊಬ್ಬ ಶಿಷ್ಯ. ಮೂರು ವಾರದ ಮೇಲೆ ಖಾನ್ ಕೊಟ್ಟ ಔತಣದ ದಿನ, ಮೊದಲ ಸಲ ಎಲ್ಲರ ಮುಂದೆ ಕುರಿ ಕೊಯ್ದೆ. ಅದು ಒದ್ದ ರಭಸಕ್ಕೆ ರಕ್ತ ನನ್ನ ಬೂಟಿಗೆ, ಅಂಗಿಗೆ, ಗಡ್ಡಕ್ಕೆಲ್ಲ ಚಿಮ್ಮಿತು. ಮುದುಕಿಯರು ಮುಖ ಮುಚ್ಚಿಕೊಂಡರು.

"ಏನಯ್ಯಾ ಜಿರ್ಗೂ," ಕುರುಮ್ಶಿ ಕೂಗಿ ಕೇಳಿದ, "ನೀನು ಕುರಿ ಕೊಂದ್ಯೋ, ಕುರಿ ನಿನ್ನನ್ನ ಕೊಂತೋ?"

ಎಲ್ಲರೂ ನಕ್ಕರು. ಖಾನ್ ನಗಲಿಲ್ಲ, ಮಾಂಸ ಬೆಂದ ಮೇಲೆ ಮೊದಲ ತುಂಡು ತಾನೇ ತಿಂದ.

ಆ ಔತಣಕ್ಕೆ ಪಟ್ಟಣದ ಖಾಜಿ ಬಂದಿದ್ದ. ರೇಷ್ಮೆಯ ರುಮಾಲು, ತೆಳ್ಳನೆಯ ಬೆರಳು, ಬಲು ಮರ್ಯಾದಸ್ಥ. ಖಾನನ ಪಕ್ಕದಲ್ಲಿ ಕೂತಿದ್ದ ಆಲ್ತಾನಿಯನ್ನು ನೋಡಿ, ಖಾತೂನರು ಯಾರ ಮನೆತನದವರು ಎಂದು ಕೇಳಿದ, ಬರೀ ಸೌಜನ್ಯಕ್ಕೆ. ಉತ್ತರ ಕೊಟ್ಟವನು ಕುರುಮ್ಶಿ.

"ಮೊದಲು ಇವರಪ್ಪನ ಹೆಂಡ್ತಿ, ಈಗ ಇವರ ಹೆಂಡ್ತಿ. ನಮ್ಮಲ್ಲಿ ಏನನ್ನೂ ವ್ಯರ್ಥ ಮಾಡೋ ಪದ್ಧತಿ ಇಲ್ಲ, ಖಾಜಿಗಳೆ."

ಖಾಜಿಯ ಕೈ ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು.

ಮಾರನೆಯ ಬೆಳಿಗ್ಗೆ ಖಾನನ ಗುಡಾರದಲ್ಲಿ ಅವನು, ಖಾಜಿ, ಶೇಖ್ ಸದೀದ್, ಮಾಂಸದ ತಟ್ಟೆ ಹಿಡಿದ ನಾನು. ಶೇಖ್ ಸುತ್ತಿ ಬಳಸಿ ಮಾತಾಡುವವನಲ್ಲ. ತಂದೆಯ ಹೆಂಡತಿ ಮಗನಿಗೆ ತಾಯಿಯ ಸಮಾನ, ಈ ಸಂಬಂಧ ಕೂಡದು ಎಂದ. ಹಿಂದಿನದಕ್ಕೆ ಕ್ಷಮೆ ಇದೆ, ಮುಂದಕ್ಕಿಲ್ಲ.

"ತಮ್ಮನ್ನ ಕೊಂದಿದ್ದು ಅಳಿಸಿ ಹೋಗುತ್ತೆ, ಹೆಂಡ್ತಿ ಜೊತೆ ಬಾಳಿದ್ದು ಹೋಗಲ್ವಾ?" ಎಂದ ಖಾನ್.

"ಅದೂ ಹೋಗುತ್ತೆ. ಆದ್ರೆ ತಮ್ಮನ್ನ ನಾಳೆ ಇನ್ನೊಂದ್ಸಲ ಕೊಲ್ಲೋಕಾಗಲ್ಲ. ಇವರ ಜೊತೆ ನಾಳೆನೂ ಬಾಳ್ತೀನಿ ಅಂತೀರಲ್ಲ, ತೊಡಕು ಅಲ್ಲಿರೋದು."

ಖಾನ್ ಎದ್ದು ಗುಡಾರದ ಒಳಗೇ ಸುತ್ತತೊಡಗಿದ. ಖಾಜಿ ಅವನನ್ನೇ ನೋಡುತ್ತಿದ್ದ. ಪಟ್ಟಣಕ್ಕೆ ಇಂಥ ಖಾನ್ ದಿನಾ ಸಿಗುವುದಿಲ್ಲ. ಒಬ್ಬ ಹೆಣ್ಣಿನ ನೆವದಲ್ಲಿ ಕೈಬಿಟ್ಟುಹೋದರೆ ಗತಿಯೇನು ಎಂಬ ಲೆಕ್ಕ ಅವನ ಕಣ್ಣಲ್ಲಿತ್ತು. ಕೊನೆಗೆ ಹೇಳಿದ:

"ಒಂದು ದಾರಿ ಉಂಟು. ತಮ್ಮ ತಂದೆಯವರು ನಮ್ಮ ಧರ್ಮದವರಲ್ಲ. ಅವರ ಮದುವೆ ನಿಕಾಹ್ ಅಲ್ಲ. ಅದು ಮದುವೆಯೇ ಅಲ್ಲ ಅಂದ ಮೇಲೆ ಖಾತೂನರು ತಂದೆಯವರ ಹೆಂಡತಿ ಹೇಗಾಗ್ತಾರೆ? ಅವರೂ ಕಲಿಮಾ ಓದಲಿ, ನಾನೇ ಹೊಸದಾಗಿ ನಿಕಾಹ್ ಓದಿಸ್ತೀನಿ."

ಶೇಖ್ ಅವನ ಕಡೆ ನೋಡಿ, ಎದ್ದು ಹೊರಗೆ ಹೋದ. ಖಾನ್ ಮಾತ್ರ ಆಗಲೇ ಆಲ್ತಾನಿಯ ಗುಡಾರಕ್ಕೆ ಹೊರಟಿದ್ದ.

ಆಲ್ತಾನಿ ಮಗಳ ಬೂಟಿಗೆ ಉಣ್ಣೆ ಹೊಲಿಯುತ್ತಿದ್ದಳು. ನಾನು ತಟ್ಟೆ ಸಮೇತ ಹಿಂದೆಯೇ ಹೋಗಿದ್ದೆ. ಖಾನ್ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನು ನಿಂತೇ ಎಲ್ಲವನ್ನೂ ಹೇಳಿದ. ಅವಳು ಕೊನೆಯವರೆಗೂ ಕೇಳಿ, ದಾರವನ್ನು ಹಲ್ಲಿನಿಂದ ಕಡಿದಳು.

"ಹಾಗಾದ್ರೆ ನಿಮ್ಮಪ್ಪನ ಜೊತೆ ಎಂಟು ವರ್ಷ ನಾನೇನಾಗಿದ್ದೆ?"

"ಅದು ಬರೀ ಮಾತು ಕಣೆ. ಖಾಜಿ ಮಾತು."

"ಪಟ್ಟಣದಲ್ಲಿ ನೀನು ಹೇಳಿ ಬಂದಿದ್ದೂ ಮಾತೇ ತಾನೆ? ಅದಕ್ಕೆ ತೂಕ ಇದೆ ಅಂತೀಯ, ಇದಕ್ಕೆ ಇಲ್ಲ ಅಂತೀಯ."

ಅವಳು ಮತ್ತೆ ಸೂಜಿಗೆ ದಾರ ಪೋಣಿಸಿದಳು.

"ಎರ್ದೆನಿ ಯಾರ ಮಗಳು, ಹೇಳು. ನಿಮ್ಮಪ್ಪ ತೊಡೆ ಮೇಲೆ ಕೂರಿಸ್ಕೊಂಡು ಹೆಸರಿಟ್ಟ ಮಗು ಅದು. ನಿನ್ನ ತಂಗಿ. ನಾಳೆ ಹೆಣ್ಣು ಕೇಳೋಕೆ ಬಂದೋರು, ಇವಳಮ್ಮನಿಗೆ ಮದುವೇನೇ ಆಗಿರ್ಲಿಲ್ವಂತಲ್ಲ ಅಂದ್ರೆ, ಖಾಜಿ ಬಂದು ಉತ್ತರ ಕೊಡ್ತಾನಾ?"

"ಹಾಗಾದ್ರೆ ಇದೆಲ್ಲಾ ಬಿಟ್ಬಿಡ್ತೀನಿ. ಓದಿದ್ದು ಓದಿಲ್ಲ ಅಂದ್ಕೊಂಡ್ರಾಯ್ತು."

ಆಲ್ತಾನಿ ಆಗ ಬೂಟನ್ನು ಕೆಳಗಿಟ್ಟಳು. "ಇಪ್ಪತ್ತೆರಡು ದಿನ ಆಯ್ತು ನೀನು ಪಟ್ಟಣದಿಂದ ಬಂದು. ಒಂದ್ಸಲಾನೂ ಗುಡಾರ ಕೀಳಿಸಿಲ್ಲ. ನಿದ್ದೇಲಿ ತೋದೆ ಹೆಸರು ಹಿಡಿದು ಕೂಗಿಲ್ಲ. ಐದು ವರ್ಷದಿಂದ ಪಕ್ಕದಲ್ಲಿರೋ ನಾನು ಮಾಡೋಕಾಗದ್ದನ್ನ ಆ ಮುದುಕ ಮಾಡಿದಾನೆ. ಅದನ್ನ ನಿನ್ನ ಕೈಯಿಂದ ನಾನು ಕಿತ್ಕೊಳ್ಳಲ್ಲ. ನನ್ನ ಹೆಸರನ್ನೂ ನಾನು ಬಿಟ್ಕೊಡಲ್ಲ. ನಾನು ನಿಮ್ಮಪ್ಪನ ಹೆಂಡ್ತಿ. ಇನ್ನೇನಾಗುತ್ತೋ ನೀನೇ ಲೆಕ್ಕ ಹಾಕ್ಕೋ."

 ಅವನು ಹೊರಗೆ ಬಂದು, ಕಟ್ಟಿದ್ದ ಕುದುರೆಯನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿ, ಹತ್ತದೆ ಹಾಗೇ ಬಿಟ್ಟು ನಡೆದು ಹೋದ.

ಮೂರನೆಯ ದಿನ ಆಲ್ತಾನಿ ಹೊರಟಳು. ಅವಳಿಗೆ ಹಿರಿಯ ಖಾನ್ ಕೊಟ್ಟ ಹುಲ್ಲುಗಾವಲು ತಲಾಸ್ ನದಿಯ ಮೇಲ್ದಂಡೆಯಲ್ಲಿತ್ತು. ಮೂವತ್ತು ಎತ್ತಿನ ಬಂಡಿ, ಆರು ಸಾವಿರ ಕುರಿ, ಅವಳ ಆಳುಕಾಳು. ಖಾನ್ ನನ್ನನ್ನು ಕರೆದ.

"ಅಣ್ಣ, ನೀನೂ ಹೋಗು. ಅವಳು ಹಳೇ ರೀತಿ ಮಾಂಸ ತಿನ್ನೋಳು. ಇಲ್ಲಿ ನಿನ್ನ ಕೈಗೂ ಕೆಲಸ ಇಲ್ಲ."

"ನಿನ್ನ ಊಟ ಯಾರು ರುಚಿ ನೋಡ್ತಾರೆ?"

"ರುಚಿ ಇದ್ರೆ ತಾನೆ," ಎಂದು ಅವನು ಬೇರೆ ಕಡೆ ನೋಡಿದ.

ಆ ಚಳಿಗಾಲ ನಮಗೆ ಕೆಳಗಿನಿಂದ ಸುದ್ದಿ ಬರುತ್ತಲೇ ಇತ್ತು. ಖಾನ್ ಐದು ಹೊತ್ತು ನಮಾಜು ತಪ್ಪಿಸುವುದಿಲ್ಲ. ಖಾನ್ ಹೆಪ್ಪುಗಟ್ಟಿದ ಹೊಳೆಯ ಮಂಜುಗಡ್ಡೆ ಒಡೆದು ಕೈಕಾಲು ತೊಳೆಯುತ್ತಾನೆ. ಖಾನ್ ಹಿಮದಲ್ಲೇ ಒಂಬತ್ತು ಸಲ ಗುಡಾರ ಕೀಳಿಸಿದ. ಕೊನೆಯದನ್ನು ಕೇಳಿ ಆಲ್ತಾನಿ ಸುದ್ದಿ ತಂದವನನ್ನು "ಯಾವ ದಿಕ್ಕಿಗೆ?" ಎಂದು ಕೇಳಿದಳು. ಒಂದ್ಸಲ ಇತ್ತ, ಒಂದ್ಸಲ ಅತ್ತ ಎಂದ ಅವನು.

ಹಿಮ ಸಡಿಲಾಗುವ ಮುಂಚೆ ಕುರುಮ್ಶಿ ಬಂದ, ಹೆಣ್ಣು ಕೇಳುವವರ ಕಾಣಿಕೆಯಾಗಿ ಒಂಬತ್ತು ಬಿಳಿ ಕುದುರೆ ಹೊಡೆದುಕೊಂಡು. ಗುಡಾರದೊಳಗೆ ಕೂತು, ನಾನು ಕೊಟ್ಟ ಬಿಸಿ ಸಾರು ಕುಡಿದು, ಮೀಸೆ ಒರೆಸಿಕೊಂಡ.

"ನೋಡು ಆಲ್ತಾನಿ, ಖಾನ್ ನಿನ್ನ ಬಿಟ್ಟಾಯ್ತು. ಹಳೇ ಕಟ್ಟಳೆ ಪ್ರಕಾರ ಮನೆತನದಲ್ಲಿ ಮುಂದಿನ ಗಂಡಸು ನಾನು. ಹೊಸ ಕಟ್ಟಳೆ ಪ್ರಕಾರ ನೀನು ಯಾರ ಹೆಂಡ್ತೀನೂ ಅಲ್ಲ, ಯಾರ್ ಬೇಕಾದ್ರೂ ಕಟ್ಕೋಬಹುದು. ಎರಡು ದಾರೀನೂ ನನ್ನ ಬಾಗಿಲಿಗೇ ಬಂದು ನಿಲ್ತವೆ."

"ನಿನ್ನ ಕಣ್ಣಿರೋದು ನನ್ನ ಮೇಲೋ, ಹುಲ್ಲಿನ ಮೇಲೋ?"

"ವಯಸ್ಸಾಯ್ತಲ್ಲ, ದೂರದ್ದು ಚೆನ್ನಾಗಿ ಕಾಣುತ್ತೆ. ಹುಲ್ಲು ದೂರದವರೆಗೂ ಇದೆ," ಎಂದು ಅವನು ನಕ್ಕ. "ಕುದುರೆಗಳ ಮೊದಲ ಹಾಲು ಕರೆಯೋ ದಿನ ಬರ್ತೀನಿ. ಮುನ್ನೂರು ಜನ ಕರ್ಕೊಂಡು ಬರ್ತೀನಿ. ಊಟಕ್ಕೆ ಸಿದ್ಧ ಮಾಡ್ಕೋ."

ನಮ್ಮಲ್ಲಿ ಬಿಲ್ಲು ಹಿಡಿಯಬಲ್ಲವರು ಅರವತ್ತು ಮಂದಿ. ಅವನು ಹೋದ ಮೇಲೆ ಆಲ್ತಾನಿ ಗುಡಾರದೊಳಗೆ ಅತ್ತಿಂದಿತ್ತ ಓಡಾಡಿದಳು. ಅವಳು ಹಾಗೆ ಓಡಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ನನ್ನ ಮುಂದೆ ನಿಂತಳು.

"ಜಿರ್ಗಣ್ಣ, ಖಾನನ ಹತ್ರ ಹೋಗು. ಹೆಂಡ್ತಿ ಅಂತ ಅವನು ನನ್ನ ಕರೆಯೋ ಹಾಗಿಲ್ಲ. ಯಾರೂ ಅಲ್ಲ ಅಂದ್ರೆ ಕುರುಮ್ಶಿ ಎತ್ಕೊಂಡು ಹೋಗ್ತಾನೆ. ಉಳಿದಿರೋದು ಒಂದೇ ಹೆಸರು. ಅದನ್ನ ಜನರ ಮುಂದೆ ಬಂದು ಹೇಳ್ಬೇಕು ಅಂತ ಹೇಳು. ಚೀಟಿ ಕಳಿಸಿದ್ರೆ ಆಗಲ್ಲ."

ನಾಲ್ಕು ದಿನದ ದಾರಿಯನ್ನು ಎರಡೇ ದಿನದಲ್ಲಿ ಓಡಿಸಿದೆ. ಖಾನ್ ಸೊರಗಿದ್ದ. ಕುರುಮ್ಶಿಯ ಹೆಸರು ಕೇಳಿದ್ದೇ ಕತ್ತಿಗೆ ಕೈಹಾಕಿದ.

"ಅವನ ತಲೆ ತೆಗೀತೀನಿ."

"ತೆಗಿ. ಅವನ ಹಿಂದೆ ಇನ್ನೊಬ್ಬ ಬರ್ತಾನೆ. ಎಷ್ಟು ತಲೆ ತೆಗೀತೀಯ? ಈಗ ತಾನೆ ಒಂದು ತಲೆ ಲೆಕ್ಕ ಅಳಿಸ್ಕೊಂಡು ಬಂದಿದೀಯ."

ಹಾಗೆ ಮಾತಾಡಲು ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಅವನು ಹೊಡೆಯಲಿಲ್ಲ. ಆಲ್ತಾನಿ ಹೇಳಿ ಕಳಿಸಿದ್ದನ್ನು ಹೇಳಿದೆ. ಯಾವ ಹೆಸರು ಎಂದು ಅವನು ಕೇಳಲಿಲ್ಲ. ಮೂರು ದಿನ ಗುಡಾರಕ್ಕೂ ಕುದುರೆ ಕಟ್ಟುವ ಸಾಲಿಗೂ ನಡುವೆ ತಿರುಗಿದ. ಹಿಮದಲ್ಲಿ ಅವನ ಕಾಲ ಕೆಳಗೆ ದಾರಿಯೇ ಬಿದ್ದಿತು. ಶೇಖ್ ಸದೀದ್ ದೂರದಿಂದ ನೋಡುತ್ತಿದ್ದ, ಹತ್ತಿರ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಖಾನ್ ನನ್ನೆದುರು ಬಂದು ಕುಕ್ಕರಿಸಿದ.

"ಆ ಮಾತು ಒಂದ್ಸಲ ಬಾಯಿಂದ ಬಂದ್ರೆ ಮುಗೀತಲ್ವಾ, ಅಣ್ಣ?"

"ಮುಗೀತು."

"ಒಳಗೂ ಮುಗಿಯುತ್ತಾ?"

"ನನ್ನ ಕೇಳ್ಬೇಡ. ನಾನು ಅಡುಗೆಯವನು."

ಮೊದಲ ಹಾಲಿನ ದಿನ ಬಿಸಿಲು ಚೆನ್ನಾಗಿತ್ತು. ಮರಿಗಳನ್ನು ಸಾಲಾಗಿ ಕಟ್ಟಿ ಹೆಂಗಸರು ಹಾಲು ಕರೆದರು. ಆಲ್ತಾನಿ ಹೊಸ ಹಾಲನ್ನು ಆಕಾಶಕ್ಕೂ ನಾಲ್ಕು ದಿಕ್ಕಿಗೂ ಚಿಮುಕಿಸುತ್ತಿದ್ದಾಗ ಕುರುಮ್ಶಿಯ ಮುನ್ನೂರು ಸವಾರರು ದಿಬ್ಬದ ಮೇಲೆ ಕಂಡರು. ಅವನು ಇಳಿದು, ತನ್ನದೇ ಮನೆ ಎಂಬಂತೆ ಬಂದು, ಗುಡಾರದ ಮುಂದಿನ ಹಾಸಿನ ಮೇಲೆ ಕೂತ. ನಾನು ಹೊಳೆಯ ಕಡೆಯೇ ನೋಡುತ್ತಿದ್ದೆ. ನಾನು ಮುಂಚೆ ಬಂದುಬಿಟ್ಟಿದ್ದೆ, ಖಾನ್ ಹಿಂದಿನಿಂದ ಬರುತ್ತೇನೆಂದಿದ್ದ. ಅರ್ಧ ದಾರಿಯಲ್ಲಿ ತಿರುಗಿಬಿಟ್ಟನೋ ಎಂಬ ಭಯ ಇಡೀ ಬೆಳಿಗ್ಗೆ ನನ್ನನ್ನು ಬಿಡಲಿಲ್ಲ.

ಕೊನೆಗೂ ಬಂದ. ನಲವತ್ತೇ ಸವಾರರು. ಮಗ ತಾಯಿಯ ಗುಡಾರಕ್ಕೆ ಬಂದಾಗ ಇಳಿಯಬೇಕಾದಷ್ಟು ದೂರದಲ್ಲೇ ಕುದುರೆಯಿಂದಿಳಿದು, ಕತ್ತಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಟೊಪ್ಪಿ ತೆಗೆದು ನಡೆದು ಬಂದ. ಹಾಲು ಕರೆಯುತ್ತಿದ್ದವರು ಕೈ ನಿಲ್ಲಿಸಿದರು. ಅವನು ಆಲ್ತಾನಿಯ ಮುಂದೆ ಎರಡೂ ಮೊಣಕಾಲೂರಿದ.

"ಅವ್ವಾ," ಎಂದ, ಎಲ್ಲರಿಗೂ ಕೇಳುವಂತೆ. "ಚಳಿಗಾಲ ಚೆನ್ನಾಗಿ ಕಳೀತಾ?"

ಅದು ನಮ್ಮಲ್ಲಿ ವಸಂತದಲ್ಲಿ ಯಾರನ್ನಾದರೂ ಕೇಳುವ ಮಾತು. ಆಲ್ತಾನಿ ಹಾಲಿನ ಪಾತ್ರೆ ಕೆಳಗಿಟ್ಟಳು. ಕುರುಮ್ಶಿಯ ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಅವಳು ಬಾಗಿ, ತಾಯಂದಿರು ಮಾಡುವಂತೆ, ಅವನ ಹಣೆಯನ್ನು ಮೂಸಿದಳು.

"ಚೆನ್ನಾಗೇ ಕಳೀತಪ್ಪ. ನಿನ್ನ ಕುದುರೆಗಳು ಚೆನ್ನಾಗಿವೆಯಾ?"

"ಚೆನ್ನಾಗಿವೆ."

"ಕುರಿ ಮರಿ?"

"ಅವೂ ಚೆನ್ನಾಗಿವೆ."

ಖಾನನ ತಾಯಿಯನ್ನು ಕಟ್ಟಿಕೊಳ್ಳುತ್ತೇನೆ ಎನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕುರುಮ್ಶಿ ಮೆಲ್ಲಗೆ ಎದ್ದ. ನಾಚಿಕೆ ಅವನಿಗೆ ಮೊದಲಿನಿಂದಲೂ ಕಡಿಮೆ.

"ಹೋದ ಸಲ ತಂದ ಒಂಬತ್ತು ಕುದುರೆ, ಖಾನರ ತಾಯಿಗೆ ಅಂತಾನೇ ತಂದಿದ್ದು," ಎಂದು ಹೇಳಿ ಜನರನ್ನು ಕರೆದುಕೊಂಡು ಹೊರಟ.

ಆಲ್ತಾನಿ ಖಾನನಿಗೆ ಬಟ್ಟಲಲ್ಲಿ ಹಾಲು ಕೊಟ್ಟಳು. ಅವನು ಅರ್ಧ ಕುಡಿದ. ಎರ್ದೆನಿ ಓಡಿ ಬಂದು ಅವನ ತೋಳಿಗೆ ಜೋತುಬಿದ್ದಳು. ತಂಗಿಯ ತಲೆ ಸವರಿದ. ನಾನು ಎರಡು ಕುರಿ ತಂದಿದ್ದೆ, ಒಂದು ಹಳೆಯ ರೀತಿಗೆ, ಒಂದು ಹೊಸ ರೀತಿಗೆ. ಎರಡೂ ಇನ್ನೂ ಮೇಯುತ್ತಲೇ ಇದ್ದವು, ಅವನು ಎದ್ದುಬಿಟ್ಟ.

"ಊಟ ಮಾಡ್ಕೊಂಡು ಹೋಗು," ಎಂದೆ.

"ಆಗಲ್ಲ ಅಣ್ಣ. ಕೂರೋಕಾಗ್ತಿಲ್ಲ."

ಸವಾರರ ಧೂಳು ಇಳಿದ ಮೇಲೆ ಆಲ್ತಾನಿ ಬಟ್ಟಲು ಎತ್ತಿಕೊಂಡು, ಅವನು ಬಿಟ್ಟಿದ್ದ ಎಂಜಲು ಹಾಲನ್ನು ಕುಡಿದು, ಹಾಲು ಕರೆಯುವವರನ್ನು ಗದರಿದಳು: ಏನು ನೋಡ್ತಾ ನಿಂತಿದೀರಿ, ಮರಿ ಬಿಡಿ.

ಅವನು ಪ್ರತಿ ವಸಂತದಲ್ಲೂ ಬಂದ. ಮೊಣಕಾಲೂರಿ ಅದೇ ಮಾತು ಕೇಳುತ್ತಿದ್ದ, ಅವಳು ಅದೇ ಉತ್ತರ ಕೊಡುತ್ತಿದ್ದಳು. ಮೂರನೆಯ ವಸಂತದ ಹೊತ್ತಿಗೆ ಆ ಹೆಸರು ಅವನ ಬಾಯಿಂದ ಸಲೀಸಾಗಿ ಬರುತ್ತಿತ್ತು. ಅದನ್ನು ಕೇಳಿ ನನಗೇ ಸಂಕಟವಾಯಿತು, ಅವಳ ಮುಖ ನೋಡಲಿಲ್ಲ. ನಾಲ್ಕನೆಯ ವರ್ಷ ಎರ್ದೆನಿಯನ್ನು ಒಳ್ಳೆಯ ಮನೆಗೆ ಮಾತು ಕೊಟ್ಟರು. ಹಿರಿಯ ಖಾನನ ಮಗಳು, ಈಗಿನ ಖಾನನ ತಂಗಿ. ಯಾರೂ ಬೇರೆ ಪ್ರಶ್ನೆ ಕೇಳಲಿಲ್ಲ.

ಆ ಶರತ್ಕಾಲದಲ್ಲೇ ದೂತ ಬಂದ. ಖಾನ್ ಎರಡು ಬಿಡಾರಗಳ ನಡುವೆ, ದಾರಿಯಲ್ಲಿ, ಜ್ವರ ಬಂದು ತೀರಿಕೊಂಡಿದ್ದ. ಶೇಖ್ ಸದೀದನೇ ತೊಳೆದು ಮಣ್ಣು ಮಾಡಿದ್ದ. ನಮ್ಮಲ್ಲಿ ಗಂಡ ಸತ್ತವಳು ತನ್ನ ಎತ್ತರದ ಟೊಪ್ಪಿಯ ಮೇಲಿನ ಗರಿಗಳನ್ನು ಕೀಳುತ್ತಾಳೆ, ಮಗ ಸತ್ತವಳು ಕೀಳುವುದಿಲ್ಲ. ಆಲ್ತಾನಿಯ ಕೈ ಗರಿಯವರೆಗೆ ಹೋಯಿತು. ದೂತ ಮುಂದೆಯೇ ನಿಂತಿದ್ದ, ಜನ ನೋಡುತ್ತಿದ್ದರು. ಅವಳು ಗರಿಗಳನ್ನು ಒಮ್ಮೆ ಮುಟ್ಟಿ ನೆಟ್ಟಗೆ ಮಾಡಿ, ಕೈ ಇಳಿಸಿದಳು.

"ದೂರದಿಂದ ಬಂದಿದಾನೆ," ಎಂದಳು ನನಗೆ. "ಮೊದಲು ಊಟ ಹಾಕು."